ಲ್ಯಾಬಿನಿಂದ ವಿಂಡೋಸ್ ಹೋದದ್ದು ಹೇಗೆ? - ಒಂದು ಕಂಪ್ಯೂಟರಿನೊಳಗಿನ ಎರಡು ವ್ಯವಸ್ಥೆಗಳ ಚರಿತ್ರೆ

ಇಂದು ಕಾಸರಗೋಡು ಜಿಲ್ಲೆಯ ಯಾವುದೇ ಸರಕಾರಿ ಅಥವಾ ಅನುದಾನಿತ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಕಂಪ್ಯೂಟರನ್ನು ಆನ್ ಮಾಡಿದರೆ ಅದು ಸಾಮಾನ್ಯವಾಗಿ ನೇರವಾಗಿ ಗ್ನೂ/ಲಿನಕ್ಸ್‌ನಲ್ಲಿ ತೆರೆದುಕೊಳ್ಳುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ 2005-06ರ ಸುಮಾರಿಗೆ ಶಾಲೆಯಲ್ಲಿದ್ದವರಿಗೆ ಇನ್ನೊಂದು ದೃಶ್ಯ ನೆನಪಿರಬಹುದು. ಆಗ ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಒಂದು ಸಣ್ಣ ಪಟ್ಟಿ ಬರುತ್ತಿತ್ತು. ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್. ಕೆಲವೇ ಸೆಕೆಂಡುಗಳಲ್ಲಿ ಬಾಣದ ಗುರುತಿನ ಕೀಲಿ ಒತ್ತಿ ಯಾವುದು ಬೇಕೆಂದು ಆರಿಸಬೇಕು. ಆರಿಸದಿದ್ದರೆ ಮೇಲಿನದ್ದೇ ತೆರೆಯುತ್ತಿತ್ತು.

ಈ ಪಟ್ಟಿ ಎಲ್ಲಿಂದ ಬಂತು? ಮತ್ತೆ ಎಲ್ಲಿಗೆ ಹೋಯಿತು? ಒಂದು ರಾಜ್ಯದ ಶಾಲೆಗಳೆಲ್ಲ ಒಂದು ಆಪರೇಟಿಂಗ್ ಸಿಸ್ಟಂ ಅನ್ನು ಬಿಟ್ಟು ಇನ್ನೊಂದಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಅದರಲ್ಲೂ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಅದು ಬೇರೆ ಶಾಲೆಗಳಿಗಿಂತ ಸ್ವಲ್ಪ ಹೆಚ್ಚೇ ಕಷ್ಟದ ವಿಷಯವಾಗಿತ್ತು. ಈ ಚರಿತ್ರೆಯನ್ನು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಬರೆದವರಿದ್ದಾರೆ. ಕನ್ನಡದ ಕಡೆಯಿಂದಲೂ ಅದನ್ನೊಮ್ಮೆ ನೋಡೋಣ.

ಅದಮಾರಿನವರ ವರದಿಯಿಂದ ಆರಂಭ

ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಹೇಗಿರಬೇಕು ಎಂದು ತಿಳಿಸಲು ರಾಜ್ಯ ಸರಕಾರವು ಒಂದು ಕಾರ್ಯಪಡೆಯನ್ನು ನೇಮಿಸಿತ್ತು. ಅದರ ಅಧ್ಯಕ್ಷರು ಪ್ರೊ. ಯು. ಆರ್. ರಾವ್. ಇಸ್ರೋದ ಅಧ್ಯಕ್ಷರಾಗಿದ್ದ ಅವರು ಉಡುಪಿ ಜಿಲ್ಲೆಯ ಅದಮಾರಿನವರು, 1932ರಲ್ಲಿ ಹುಟ್ಟಿದವರು. ನಮ್ಮ ನೆರೆಯ ಊರಿನ ಒಬ್ಬ ಕನ್ನಡಿಗ ವಿಜ್ಞಾನಿಯ ವರದಿಯ ಮೇಲೆ ಕೇರಳದ ಐಟಿ ಶಿಕ್ಷಣ ನಿಂತಿತು ಎನ್ನುವುದು ನಮ್ಮ ಮಕ್ಕಳಿಗೆ ಹೇಳಬೇಕಾದ ಮಾತು. ಆ ವರದಿಯ ಫಲವಾಗಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಯಿತು. ಹೈಸ್ಕೂಲುಗಳಿಗೆ ಕಂಪ್ಯೂಟರುಗಳು ಬಂದವು, ಅಧ್ಯಾಪಕರಿಗೆ ತರಬೇತಿ ಶುರುವಾಯಿತು. 2005ರ ವೇಳೆಗೆ ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಕಡ್ಡಾಯ ವಿಷಯವಾಗಿತ್ತು. ಅದೇ ವರ್ಷ ಜುಲೈ 28ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತಿರುವನಂತಪುರದಲ್ಲಿ ವಿಕ್ಟರ್ಸ್ ಜಾಲವನ್ನು ಉದ್ಘಾಟಿಸಿದರು.

ಆರಂಭದ ವರ್ಷಗಳಲ್ಲಿ ಕಂಪ್ಯೂಟರ್ ಎಂದರೆ ವಿಂಡೋಸ್ ಎಂದೇ ಅರ್ಥ. ಮೈಕ್ರೋಸಾಫ್ಟ್, ಇಂಟೆಲ್ ಮುಂತಾದ ಕಂಪೆನಿಗಳ ಸಹಕಾರದಿಂದ ತರಬೇತಿಗಳು ನಡೆಯುತ್ತಿದ್ದವು. ಪಾಠಗಳು ಕೂಡ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳ ಸುತ್ತಲೇ ಇದ್ದವು. ಇದನ್ನು ಮೊದಲು ಪ್ರಶ್ನಿಸಿದವರಲ್ಲಿ ಅಧ್ಯಾಪಕರೇ ಇದ್ದರು. ಕೇರಳ ಸ್ಕೂಲ್ ಟೀಚರ್ಸ್ ಅಸೋಸಿಯೇಷನ್, ಅಂದರೆ ಕೆ.ಎಸ್.ಟಿ.ಎ., ಒಂದೇ ಕಂಪೆನಿಯ ಉತ್ಪನ್ನವನ್ನು ಪಠ್ಯಕ್ರಮದ ಮೂಲಕ ಮಕ್ಕಳಿಗೆ ಅಭ್ಯಾಸ ಮಾಡಿಸುವುದು ಸರಿಯಲ್ಲ ಎಂದು ಪ್ರತಿಭಟಿಸಿತು. ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅವರ ಜೊತೆ ನಿಂತರು. ಇದಕ್ಕೆ ನೆಲವೂ ಹದವಾಗಿತ್ತು. 2001ರ ಜುಲೈಯಲ್ಲಿಯೇ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದಿದ್ದರು, ಆಗ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅಲ್ಲಿ ಆರಂಭವಾಗಿತ್ತು.

ಇಲ್ಲಿ 'ಫ್ರೀ' ಎಂದರೆ ಧರ್ಮಕ್ಕೆ ಸಿಗುವುದು ಎಂದಲ್ಲ. ಸ್ಟಾಲ್ಮನ್ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ್ದರು. ಅದರ ಹಿಂದಿನ ವಿಚಾರ ನಾಲ್ಕು ಸ್ವಾತಂತ್ರ್ಯಗಳದ್ದು: ತಂತ್ರಾಂಶವನ್ನು ಯಾವ ಉದ್ದೇಶಕ್ಕೂ ಬಳಸುವುದು, ಅದು ಹೇಗೆ ಕೆಲಸ ಮಾಡುತ್ತದೆಂದು ಕಲಿತು ತಿದ್ದುವುದು, ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡುವುದು, ತಿದ್ದಿದ್ದನ್ನು ಹಂಚುವುದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನೆಲ್ ಇದಕ್ಕೆ ಕೂಡಿಕೊಂಡಾಗ ಪೂರ್ಣ ವ್ಯವಸ್ಥೆಯೊಂದು ಸಿದ್ಧವಾಯಿತು. ಶಾಲೆಯವರಿಗೆ ಈ ನಾಲ್ಕರಲ್ಲಿ ಎರಡನೆಯದ್ದೂ ಮೂರನೆಯದ್ದೂ ಮುಖ್ಯ. ಕಲಿಯುವುದು ಮತ್ತು ಹಂಚುವುದು ತಾನೆ ನಮ್ಮ ಕೆಲಸ!

ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ

ವಿಂಡೋಸನ್ನು ಒಂದೇ ದಿನದಲ್ಲಿ ತೆಗೆದುಹಾಕಲು ಸಾಧ್ಯವಿರಲಿಲ್ಲ. ತರಬೇತಿ ಪಡೆದವರು ಅದರಲ್ಲಿ ಪಡೆದಿದ್ದರು, ಕಡತಗಳು ಅದರಲ್ಲಿದ್ದವು. ಹಾಗಾಗಿ ಲಿನಕ್ಸನ್ನು ಪಕ್ಕದಲ್ಲಿ ಕೂರಿಸಲಾಯಿತು. ಇದಕ್ಕೆ 'ಡ್ಯುಯಲ್ ಬೂಟ್' ಎಂದು ಹೆಸರು.

ಇದು ಸಾಧ್ಯವಾದುದರ ಹಿಂದೆ 1983ರ ಒಂದು ವ್ಯವಸ್ಥೆಯಿದೆ. ಆ ವರ್ಷ ಐಬಿಎಂ ಪಿಸಿಗಾಗಿ ಬಂದ ಡಾಸ್ 2.0ರಲ್ಲಿ ಹಾರ್ಡ್ ಡಿಸ್ಕಿನ ಮೊತ್ತಮೊದಲ 512 ಬೈಟುಗಳನ್ನು ಒಂದು ಹೆಬ್ಬಾಗಿಲಿನಂತೆ ಮೀಸಲಿಡಲಾಯಿತು. ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಅದರ ಹೆಸರು. ಅದರಲ್ಲಿ 446 ಬೈಟುಗಳು ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, 64 ಬೈಟುಗಳು ಡಿಸ್ಕನ್ನು ಹೇಗೆ ಪಾಲು ಮಾಡಿದ್ದಾರೆಂಬ ಲೆಕ್ಕಕ್ಕೆ, ಉಳಿದ 2 ಬೈಟುಗಳು ಗುರುತಿಗೆ. ಆ 64 ಬೈಟುಗಳಲ್ಲಿ ನಾಲ್ಕು ಪಾಲುಗಳ ಲೆಕ್ಕ ಮಾತ್ರ ಹಿಡಿಸುತ್ತದೆ. ಮನೆ ಒಂದೇ, ಪಾಲು ಹಲವು, ಹೆಬ್ಬಾಗಿಲು ಒಂದೇ ಎನ್ನಬಹುದು. ಅವಿಭಕ್ತ ಕುಟುಂಬದ ಮನೆಗಳನ್ನು ಕಂಡ ನಮ್ಮೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಾಗಿಲು ಯಾರ ವಶದಲ್ಲಿದೆಯೋ ಅವರದ್ದೇ ಯಜಮಾನಿಕೆ.

ವಿಂಡೋಸ್ ಬಾಗಿಲಲ್ಲಿ ಕುಳಿತರೆ ಇನ್ನೊಬ್ಬರಿದ್ದಾರೆ ಎಂದೇ ಹೇಳುತ್ತಿರಲಿಲ್ಲ. ಲಿನಕ್ಸಿನ ಬಾಗಿಲು ಕಾಯುವ ಪ್ರೋಗ್ರಾಮ್, ಮೊದಲು ಲಿಲೋ ನಂತರ ಗ್ರಬ್, 'ಯಾರು ಬೇಕು?' ಎಂದು ಕೇಳಿ ಒಳಗೆ ಬಿಡುತ್ತಿತ್ತು. ಅದಕ್ಕೇ ಆಗಿನ ತರಬೇತಿಗಳ ಮೊದಲ ಪಾಠ: 'ವಿಂಡೋಸ್ ಮೊದಲು ಹಾಕಿ, ಲಿನಕ್ಸ್ ಆಮೇಲೆ'. ವೈರಸ್ ಬಂದು ವಿಂಡೋಸನ್ನು ಹೊಸದಾಗಿ ಹಾಕಿದ ಕೂಡಲೇ ಬಾಗಿಲು ಪುನಃ ವಿಂಡೋಸಿನ ವಶವಾಗಿ, ಲಿನಕ್ಸ್ ಡಿಸ್ಕಿನಲ್ಲಿದ್ದರೂ ಕಾಣೆಯಾಗುತ್ತಿತ್ತು. 'ಲಿನಕ್ಸ್ ಅಳಿಸಿ ಹೋಯಿತು' ಎಂದು ಗಾಬರಿಯಾಗುತ್ತಿದ್ದವರಿಗೆ, ಅಳಿಸಿದ್ದು ಬಾಗಿಲ ಫಲಕ ಮಾತ್ರ, ಮನೆಯಲ್ಲ ಎಂದು ತಿಳಿಸಬೇಕಾಗುತ್ತಿತ್ತು.

ಇನ್ನೂ ಕೆಲವು ಸಣ್ಣ ಕಿರಿಕಿರಿಗಳಿದ್ದವು. ಕಂಪ್ಯೂಟರಿನೊಳಗಿನ ಗಡಿಯಾರವು ಸ್ಥಳೀಯ ಸಮಯ ತೋರಿಸುತ್ತದೆ ಎಂದು ವಿಂಡೋಸ್ ತಿಳಿಯುತ್ತದೆ. ಅದು ಗ್ರೀನಿಚ್ ಸಮಯ ಎಂದು ಲಿನಕ್ಸ್ ತಿಳಿಯುವುದು ವಾಡಿಕೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಮಯವು ಸರಿಯಾಗಿ ಐದೂವರೆ ಗಂಟೆ ಆಚೀಚೆಯಾಗುತ್ತಿತ್ತು. ಬೆಳಗ್ಗಿನ ಹತ್ತೂವರೆಗೆ ಉಳಿಸಿದ ಕಡತದಲ್ಲಿ ಸಂಜೆ ನಾಲ್ಕು ಗಂಟೆ ಎಂದು ಬರುತ್ತಿತ್ತು. ಭೂಗೋಳದ ಅಧ್ಯಾಪಕರಿಗೆ ರೇಖಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಮತ್ತೊಂದು, 40 ಜಿಬಿಯ ಡಿಸ್ಕಿನಲ್ಲಿ ಇಬ್ಬರಿಗೆ ಜಾಗ ಹಂಚಿದರೆ ಇಬ್ಬರಿಗೂ ಸಾಲದು. ಇನ್ನೊಂದು, ಲಿನಕ್ಸಿಗೆ ವಿಂಡೋಸಿನ ಕೋಣೆಯೊಳಗೆ ನೋಡಲು ಸಾಧ್ಯವಿತ್ತು, ವಿಂಡೋಸಿಗೆ ಲಿನಕ್ಸಿನ ಕೋಣೆ ಕಾಣುತ್ತಿರಲಿಲ್ಲ. ಹಾಗೆ ನೋಡಿದರೂ ಎನ್‌ಟಿಎಫ್‌ಎಸ್ ಎಂಬ ಮಾದರಿಯ ಕೋಣೆಯಲ್ಲಿ ಲಿನಕ್ಸ್‌ನಿಂದ ಧೈರ್ಯವಾಗಿ ಬರೆಯಲು ಸಾಧ್ಯವಾದದ್ದು 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶ ಬಂದ ಮೇಲೆ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ, ನೆನಪಿಡಿ.

ಪರೀಕ್ಷೆಯೇ ತೀರ್ಮಾನಿಸಿತು

2006ರ ಮೇ ತಿಂಗಳಲ್ಲಿ ವಿ. ಎಸ್. ಅಚ್ಯುತಾನಂದನ್ ಮುಖ್ಯಮಂತ್ರಿಗಳಾದರು, ಎಂ. ಎ. ಬೇಬಿ ಶಿಕ್ಷಣ ಸಚಿವರಾದರು. ಅದೇ ವರ್ಷ ಆಗಸ್ಟಿನಲ್ಲಿ ಸ್ಟಾಲ್ಮನ್ ಮತ್ತೊಮ್ಮೆ ಬಂದು ಮುಖ್ಯಮಂತ್ರಿಗಳನ್ನು ಕಂಡರು. ಶಾಲೆಗಳನ್ನು ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶಕ್ಕೆ ತರುವ ಕೆಲಸಕ್ಕೆ ವೇಗ ಬಂತು. 2007ರ ರಾಜ್ಯ ಐಟಿ ನೀತಿಯೂ ಸ್ವತಂತ್ರ ತಂತ್ರಾಂಶದ ಪರವಾಗಿತ್ತು. ಶಾಲೆಗಳಿಗೆಂದೇ ಡೆಬಿಯನ್ ಆಧಾರದಲ್ಲಿ 'ಐಟಿ ಅಟ್ ಸ್ಕೂಲ್ ಗ್ನೂ/ಲಿನಕ್ಸ್' ಸಿದ್ಧವಾಯಿತು. ಮಾಸ್ಟರ್ ಟ್ರೈನರುಗಳು ಸಿಡಿ ಹಿಡಿದು ಶಾಲೆ ಶಾಲೆಗೆ ಹೋದರು. ಪ್ರತಿ ಶಾಲೆಯಲ್ಲೂ ಒಬ್ಬ ಅಧ್ಯಾಪಕರು ಐಟಿ ಸಂಯೋಜಕರಾಗಿ, ಅಂದರೆ ಎಸ್.ಐ.ಟಿ.ಸಿ. ಆಗಿ, ಕೈಕೆಸರು ಮಾಡಿಕೊಂಡು ಇದನ್ನು ಕಲಿತರು. ಇವರಲ್ಲಿ ಹೆಚ್ಚಿನವರು ಕಂಪ್ಯೂಟರ್ ವಿಜ್ಞಾನ ಓದಿದವರಲ್ಲ. ಗಣಿತದವರು, ಸಮಾಜದವರು, ಹಿಂದಿಯವರು, ಕನ್ನಡದವರು.

ಕೊನೆಗೆ 2008ರ ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆಯು ಸಂಪೂರ್ಣವಾಗಿ ಸ್ವತಂತ್ರ ತಂತ್ರಾಂಶದಲ್ಲಿ ನಡೆಯಿತು. ನನ್ನ ಅಭಿಪ್ರಾಯದಲ್ಲಿ ವಿಂಡೋಸ್ ಶಾಲೆಯಿಂದ ನಿಜವಾಗಿ ಹೋದದ್ದು ಆಗಲೇ. ಅದಕ್ಕೆ ಮೊದಲು ಎರಡೂ ಇದ್ದಾಗ ಮಕ್ಕಳು ಮನೆಯಲ್ಲೋ ಪೇಟೆಯ ಸೆಂಟರಿನಲ್ಲೋ ನೋಡಿದ್ದನ್ನೇ ಆರಿಸುತ್ತಿದ್ದರು. ಅಧ್ಯಾಪಕರೂ ಅಷ್ಟೆ. ಪರೀಕ್ಷೆ ಒಂದರಲ್ಲಿ ಮಾತ್ರ ಎಂದಾದ ಮೇಲೆ ಇನ್ನೊಂದು ಪಾಲು ಯಾರೂ ವಾಸವಿಲ್ಲದ ಕೋಣೆಯಾಯಿತು. ಪೆನ್‌ಡ್ರೈವಿನ ಮೂಲಕ ಬರುವ ವೈರಸ್ಸಿಗೆ ಮಾತ್ರ ಅದು ಬಿಡಾರ. ವಿಂಡೋಸ್ 98ಕ್ಕೆ ಕಂಪೆನಿಯ ಬೆಂಬಲ 2006ರ ಜುಲೈ 11ಕ್ಕೇ ನಿಂತಿತ್ತು, ಎಕ್ಸ್‌ಪಿಯದ್ದು 2014ರ ಏಪ್ರಿಲ್ 8ರಂದು ನಿಂತಿತು. ಕೋಣೆಯನ್ನು ಖಾಲಿ ಮಾಡಿ ಜಾಗವನ್ನು ಲಿನಕ್ಸಿಗೆ ಕೊಡುವುದು ಉಳಿದ ಕೆಲಸ. ಶಾಲೆಗಳು ಅದನ್ನು ಒಂದೊಂದಾಗಿ ಮಾಡಿದವು.

ಕನ್ನಡ ಇದ್ದದ್ದು ಆಚೆಯ ಕೋಣೆಯಲ್ಲಿ

ಈಗ ನಮ್ಮ ವಿಷಯಕ್ಕೆ ಬರೋಣ. ಮಲಯಾಳಕ್ಕೆ ಈ ಬದಲಾವಣೆಯ ಹೊತ್ತಿಗೆ ರಾಜ್ಯದ ಬೆಂಬಲವಿತ್ತು, 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಉತ್ಸಾಹಿಗಳ ಬಳಗವೂ ಇತ್ತು. ಅಕ್ಷರರೂಪಗಳು, ಕೀಲಿಮಣೆ, ಅನುವಾದ ಎಲ್ಲವನ್ನೂ ಅವರು ಲಿನಕ್ಸಿನಲ್ಲೇ ಕಟ್ಟುತ್ತಾ ಬಂದರು. ಕನ್ನಡಕ್ಕೆ ಕೇರಳದೊಳಗೆ ಅಂಥ ಬಳಗವಿರಲಿಲ್ಲ. ಕರ್ನಾಟಕದಲ್ಲಿ ಆದ ಕೆಲಸವೇ ನಮಗೆ ಆಧಾರ. ಅಲ್ಲಿನ ಕೆಲಸವೋ, ಆಗ ಹೆಚ್ಚಾಗಿ ವಿಂಡೋಸಿಗಾಗಿಯೇ ಆಗಿತ್ತು.

ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' - ನಮ್ಮ ಅಧ್ಯಾಪಕರು ಕನ್ನಡ ಟೈಪಿಂಗ್ ಕಲಿತದ್ದು ಇವೆರಡರಿಂದ. ಇವೆರಡೂ ವಿಂಡೋಸಿನಲ್ಲಿ ನಡೆಯುವಂಥವು. ನುಡಿಯ ಕೀಲಿಮಣೆಯ ಹಿಂದಿರುವುದು ಕೆ. ಪಿ. ರಾವ್ ಅವರ ವಿನ್ಯಾಸ. ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಯಾರಿಗೂ ಹಕ್ಕು ಕಟ್ಟಿಡದೆ ಆ ವಿನ್ಯಾಸವನ್ನು ಅವರು ಕೊಟ್ಟದ್ದರಿಂದಲೇ ಅದು ಮುಂದೆ ಲಿನಕ್ಸಿನ ಒಳಗೂ ಬರಲು ದಾರಿಯಾಯಿತು. ಆದರೆ ಅದಕ್ಕೆ ಕಾಲ ಬೇಕಾಯಿತು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ತಿಳಿಯಬೇಕು. ಆ ಕಾಲದ ನುಡಿ, ಬರಹ ಕಡತಗಳಲ್ಲಿ ಇದ್ದದ್ದು ನಿಜವಾಗಿ ಕನ್ನಡ ಅಕ್ಷರಗಳ ಸಂಕೇತವಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿಟ್ಟ ಫಾಂಟುಗಳು ಅವು. ತಲೆಕಟ್ಟು ಒಂದು ತುಂಡು, ಇಳಿ ಒಂದು ತುಂಡು, ಒತ್ತಕ್ಷರ ಇನ್ನೊಂದು. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಂಪ್ಯೂಟರಿಗೆ ಮಾತ್ರ ಅದು ಯಾವಾಗಲೂ ರಾಶಿಯೇ! 'ಕಾಸರಗೋಡು' ಎಂದು ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಿದರೆ ಜೋಡಣೆಯಾಗದು. ಯುನಿಕೋಡಿನಲ್ಲಿ ಹಾಗಲ್ಲ. ಅಲ್ಲಿ 'ಕ' ಎಂಬುದಕ್ಕೆ ಜಗತ್ತಿನ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಖ್ಯೆ. ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಜಾಗ ಸಿಕ್ಕಿತ್ತು. ಬಳಕೆಗೆ ಬಂದದ್ದು ಮಾತ್ರ ಬಹಳ ತಡವಾಗಿ.

ಲಿನಕ್ಸಿಗೆ ಹೋದಾಗ ನಮ್ಮ ಶಾಲೆಗಳಿಗೆ ಆದದ್ದೇನೆಂದರೆ, ಪ್ರಶ್ನೆಪತ್ರಿಕೆಗಳು, ಪಾಠ ಯೋಜನೆಗಳು, ಪಿ.ಟಿ.ಎ. ನೋಟೀಸುಗಳು, ವಾರ್ಷಿಕೋತ್ಸವದ ಆಮಂತ್ರಣಗಳು, ಶಾಲಾ ಸ್ಮರಣ ಸಂಚಿಕೆಗೆಂದು ಟೈಪು ಮಾಡಿಟ್ಟ ಲೇಖನಗಳು - ಇವೆಲ್ಲ ಆಚೆಯ ಕೋಣೆಯಲ್ಲಿ, ಆಚೆಯ ಲಿಪಿಸಂಕೇತದಲ್ಲಿ ಉಳಿದವು. ನುಡಿಯ ಫಾಂಟನ್ನು ಲಿನಕ್ಸಿಗೆ ಪ್ರತಿ ಮಾಡಿದರೆ ಹಳೆಯ ಕಡತವನ್ನು ಹೇಗೋ ಓದಬಹುದಿತ್ತು. ತಿದ್ದಬೇಕಾದರೆ ನುಡಿಯೇ ಬೇಕು. ಪೇಜ್‌ಮೇಕರಿನಲ್ಲಿ ಮಾಡಿದ್ದನ್ನು ಅಂದಿನ ಲಿನಕ್ಸಿನಲ್ಲಿ ತೆರೆಯಲೂ ಆಗುತ್ತಿರಲಿಲ್ಲ. ಲಿನಕ್ಸಿನಲ್ಲಿ ಕೇದಗೆ, ಮಲ್ಲಿಗೆ, ಲೋಹಿತ್ ಎಂಬ ಯುನಿಕೋಡ್ ಫಾಂಟುಗಳಿದ್ದವು ನಿಜ. ಆದರೆ ಆರಂಭದ ದಿನಗಳಲ್ಲಿ ಒತ್ತಕ್ಷರವೊಂದು ಜಾಗ ತಪ್ಪಿ ಕೂರುವುದು, ಅರ್ಕಾವೊತ್ತು ಬೇರೆಲ್ಲೋ ಹೋಗುವುದು, ಮುದ್ರಿಸುವಾಗ ಇನ್ನೊಂದು ರೂಪ ಬರುವುದು ಸಾಮಾನ್ಯವಾಗಿತ್ತು. ತಪ್ಪಿಲ್ಲದೆ ಬರೆಯಲು ಮಕ್ಕಳಿಗೆ ಕಲಿಸುವವರು ಒತ್ತು ತಪ್ಪಿದ ಪ್ರಶ್ನೆಪತ್ರಿಕೆ ಕೊಡುವುದು ಹೇಗೆ?

ಹಾಗಾಗಿ ಕನ್ನಡ ಮಾಧ್ಯಮದ ಶಾಲೆಯಲ್ಲಿ 'ಒಂದು ಕಂಪ್ಯೂಟರಿನಲ್ಲಾದರೂ ವಿಂಡೋಸ್ ಇರಲಿ' ಎಂಬ ಮಾತು ಹೆಚ್ಚು ಕಾಲ ಉಳಿಯಿತು. ಇದನ್ನು ಹಳೆಯದಕ್ಕೆ ಅಂಟಿಕೊಳ್ಳುವ ಸ್ವಭಾವ ಎಂದು ತಿಳಿದವರೂ ಇದ್ದರು. ಅದು ಸರಿಯಲ್ಲ. ಅವರು ಹಿಡಿದುಕೊಂಡದ್ದು ಒಂದು ಕಂಪೆನಿಯ ಉತ್ಪನ್ನವನ್ನಲ್ಲ, ಆ ಹೊತ್ತಿಗೆ ಕನ್ನಡ ಬರೆಯಲು ಸಾಧ್ಯವಿದ್ದ ಒಂದೇ ಜಾಗವನ್ನು. ಸ್ವಾತಂತ್ರ್ಯದ ಹೆಸರಿನ ವ್ಯವಸ್ಥೆಯಲ್ಲಿ ತನ್ನ ಭಾಷೆಯನ್ನು ಬರೆಯುವುದೇ ಕಷ್ಟವಾದರೆ ಸಣ್ಣ ಭಾಷಾ ಸಮುದಾಯಕ್ಕೆ ಅದು ಹೇಗೆ ರುಚಿಸೀತು?

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕಷ್ಟವನ್ನು ಬಗೆಹರಿಸಿದ್ದು ಕೂಡ ಆ ಸ್ವಾತಂತ್ರ್ಯವೇ. ಮೂಲ ಸಂಕೇತ ತೆರೆದಿದ್ದುದರಿಂದ ಕನ್ನಡದ ಸ್ವಯಂಸೇವಕರು ಫಾಂಟುಗಳನ್ನು ತಿದ್ದಿದರು, ಹೊಸದನ್ನು ಮಾಡಿದರು. ಕೆ. ಪಿ. ರಾವ್ ಅವರ ಕೀಲಿಮಣೆ 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಬಂತು. ಇಂದು ಸೆಟ್ಟಿಂಗ್ಸಿಗೆ ಹೋಗಿ ಅದನ್ನು ಸೇರಿಸಿದರೆ ಸಾಕು, ಬೇರೇನೂ ಹಾಕಬೇಕಾಗಿಲ್ಲ. ಲಿನಕ್ಸಿನಲ್ಲಿ ಹಳೆಯ ಫಾಂಟಿನ ಸುಲಭ ದಾರಿ ಇಲ್ಲದ್ದರಿಂದ ನಮ್ಮ ಅಧ್ಯಾಪಕರು ಬೇಗನೆ ಯುನಿಕೋಡಿಗೆ ಬರಬೇಕಾಯಿತು. ಇಂದು ಐಟಿ ಪಠ್ಯಪುಸ್ತಕ ಕನ್ನಡದಲ್ಲಿದೆ, ಮಾದರಿ ಪ್ರಶ್ನೆಗಳು ಕನ್ನಡದಲ್ಲಿ ಬರುತ್ತವೆ. ಪರೀಕ್ಷೆಯಲ್ಲಿ ಪರದೆಯ ಮೇಲೆ ಕನ್ನಡ ಮೂಡಬೇಕಾದರೆ ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಕನ್ನಡವಾಗಿರಬೇಕು. ಪ್ರತಿ ಶಾಲೆಯೂ ಬೇರೆ ಬೇರೆ ಫಾಂಟು ಹುಡುಕಿಕೊಂಡು ಕುಳಿತಿದ್ದರೆ ಇದು ಸಾಧ್ಯವಿತ್ತೆ?

ಅಳಿಸುವ ಕ್ರಮ - ಅಂದು, ಇಂದು

ಎರಡರಲ್ಲಿ ಒಂದನ್ನು ತೆಗೆಯುವುದು ಸುಲಭದಂತೆ ಕಂಡರೂ ಕ್ರಮ ತಪ್ಪಿದರೆ ಎರಡೂ ಹೋಗುತ್ತವೆ. ಅಂದಿನ ಅನುಭವ ಇಂದಿಗೂ ಉಪಯುಕ್ತವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಲಿನಕ್ಸನ್ನು ತೆಗೆದು ವಿಂಡೋಸ್ ಉಳಿಸಲು ಹೊರಟವರು ಹೆಚ್ಚಾಗಿ ಮಾಡುತ್ತಿದ್ದದ್ದು ವಿಂಡೋಸಿನೊಳಗಿಂದ ಲಿನಕ್ಸಿನ ಪಾಲನ್ನು ಅಳಿಸುವುದು. ಮರುದಿನ ಕಂಪ್ಯೂಟರ್ ಆನ್ ಮಾಡಿದರೆ 'ಗ್ರಬ್ ಎರರ್ 17' ಅಥವಾ '22' ಎಂದು ಬರೆದು ನಿಂತುಬಿಡುತ್ತಿತ್ತು. ಕಾರಣ ಸರಳ. ಗ್ರಬ್‌ನ ತಲೆ ಹೆಬ್ಬಾಗಿಲಲ್ಲಿ, ದೇಹ ಲಿನಕ್ಸಿನ ಪಾಲಿನಲ್ಲಿ. ಪಾಲನ್ನು ಅಳಿಸಿದರೆ ತಲೆ ಮಾತ್ರ ಉಳಿದು ದೇಹವನ್ನು ಹುಡುಕುತ್ತಾ ನಿಲ್ಲುತ್ತದೆ. ಆದ್ದರಿಂದ ಮೊದಲು ಬಾಗಿಲನ್ನು ವಿಂಡೋಸಿಗೆ ಒಪ್ಪಿಸಬೇಕು, ಪಾಲನ್ನು ಆಮೇಲೆ ಅಳಿಸಬೇಕು. ಎಕ್ಸ್‌ಪಿಯ ಸಿಡಿಯಿಂದ ರಿಕವರಿ ಕನ್ಸೋಲಿಗೆ ಹೋಗಿ 'ಫಿಕ್ಸ್‌ಎಂಬಿಆರ್' ಎಂಬ ಆಜ್ಞೆ ಕೊಟ್ಟರೆ ಈ ಕೆಲಸ ಆಗುತ್ತಿತ್ತು. ವಿಂಡೋಸ್ 98ರಲ್ಲಾದರೆ ಫ್ಲಾಪಿಯಿಂದ ಎಬ್ಬಿಸಿ 'ಎಫ್‌ಡಿಸ್ಕ್' ಆಜ್ಞೆಯ ಜೊತೆ 'ಎಂಬಿಆರ್' ಎಂದು ಸೇರಿಸಬೇಕಿತ್ತು.

ನಮ್ಮ ಶಾಲೆಗಳಲ್ಲಿ ನಡೆದದ್ದು ಇದರ ವಿರುದ್ಧದ್ದು, ವಿಂಡೋಸ್ ತೆಗೆದು ಲಿನಕ್ಸ್ ಉಳಿಸುವುದು. ಬಾಗಿಲು ಆಗಲೇ ಗ್ರಬ್‌ನ ಕೈಯಲ್ಲಿ ಇದ್ದುದರಿಂದ ಇದು ಸುಲಭ. ಆದರೂ ಒಂದು ಗುಂಡಿ ಇತ್ತು. ಮೊದಲ ನಾಲ್ಕು ಸಂಖ್ಯೆಗಳು ಮುಖ್ಯ ಪಾಲುಗಳಿಗೆ, ಅದರೊಳಗೆ ಮಾಡಿದ ಉಪಪಾಲುಗಳ ಎಣಿಕೆ 5ರಿಂದ. ವಿಂಡೋಸಿನ ಸಿ ಡ್ರೈವ್ 1ನೆಯದು, ಡಿ ಡ್ರೈವ್ 5ನೆಯದು, ಲಿನಕ್ಸ್ 6ನೆಯದು ಎಂದಿಟ್ಟುಕೊಳ್ಳಿ. ಸಿ ಡ್ರೈವ್ ಅಳಿಸಿದರೆ ಏನೂ ಆಗದು. ಡಿ ಡ್ರೈವ್ ಅಳಿಸಿದರೆ 6 ಇದ್ದದ್ದು 5 ಆಗಿಬಿಡುತ್ತದೆ! ಗ್ರಬ್ ಇನ್ನೂ 6ನ್ನೇ ಹುಡುಕುತ್ತಾ ಇರುತ್ತದೆ. ಇದಕ್ಕೆ ಜಾಣತನದ ಉಪಾಯವೆಂದರೆ ಪಾಲನ್ನು ಅಳಿಸದೆ, ಹಾಗೆಯೇ ಇಟ್ಟು ಲಿನಕ್ಸಿನ ಮಾದರಿಗೆ ಫಾರ್ಮ್ಯಾಟ್ ಮಾಡಿ ಕಡತಗಳನ್ನಿಡುವ ಉಗ್ರಾಣವಾಗಿ ಬಳಸುವುದು. ಗೋಡೆ ಕೆಡವುವ ಬದಲು ಕೋಣೆಯನ್ನು ಸುಣ್ಣ ಬಳಿದು ಉಪಯೋಗಿಸಿದ ಹಾಗೆ. ಕೊನೆಗೆ ಗ್ರಬ್‌ನ ಪಟ್ಟಿಯಿಂದ ವಿಂಡೋಸಿನ ಸಾಲುಗಳನ್ನು ತೆಗೆದರೆ ಕೆಲಸ ಮುಗಿಯಿತು.

ಇಂದಿನ ಲ್ಯಾಪ್‌ಟಾಪುಗಳಲ್ಲಿ 512 ಬೈಟಿನ ಆ ಹೆಬ್ಬಾಗಿಲು ಇಲ್ಲ. ಯುಇಎಫ್‌ಐ ಎಂಬ ಹೊಸ ಪದ್ಧತಿಯಲ್ಲಿ ಬಾಗಿಲಿಗೆಂದೇ ಒಂದು ಸಣ್ಣ ಪಾಲು ಇದೆ, ಅದರಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಕಡತಕೋಶ. ಹಾಗಾಗಿ ಒಬ್ಬರ ಫಲಕವನ್ನು ಇನ್ನೊಬ್ಬರು ಅಳಿಸುವುದು ಕಡಿಮೆ. ತೆಗೆಯುವಾಗ ಕ್ರಮ ಮಾತ್ರ ಹಳೆಯದ್ದೇ: ಉಳಿಯಬೇಕಾದುದನ್ನು ಮೊದಲಿಗನನ್ನಾಗಿ ಮಾಡುವುದು, ತೆಗೆಯಬೇಕಾದುದರ ಪಾಲನ್ನು ನಂತರ ಅಳಿಸುವುದು, ಹಳೆಯ ಹೆಸರನ್ನು ಪಟ್ಟಿಯಿಂದ ತೆಗೆಯುವುದು. ಲಿನಕ್ಸ್ ಉಳಿಸಿದವರು 'ಅಪ್‌ಡೇಟ್ ಗ್ರಬ್' ಆಜ್ಞೆ ಕೊಟ್ಟರೆ ಪಟ್ಟಿ ತಾನೇ ಸರಿಯಾಗುತ್ತದೆ. ಬಾಗಿಲಿನ ಆ ಸಣ್ಣ ಪಾಲನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬಾರದು, ಅದು ಇಬ್ಬರಿಗೂ ಸೇರಿದ್ದು.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕೋಣೆ ಖಾಲಿ ಮಾಡುವ ಮುಂಚೆ ಒಳಗೆ ಏನಿದೆ ಎಂದು ನೋಡುವುದು! ಲಿನಕ್ಸಿಗೆ ವಿಂಡೋಸಿನ ಕೋಣೆ ಕಾಣುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕೇ. ಅಳಿಸುವ ಮೊದಲು ಕನ್ನಡ ಕಡತಗಳನ್ನು ಈಚೆಗೆ ಪ್ರತಿ ಮಾಡಿಕೊಂಡ ಶಾಲೆಗಳಲ್ಲಿ ಇಪ್ಪತ್ತು ವರ್ಷದ ಹಿಂದಿನ ಸಂಚಿಕೆಗಳು ಇಂದಿಗೂ ಇವೆ. ನೋಡದೆ ಅಳಿಸಿದಲ್ಲಿ ಇಲ್ಲ.

ಬೇರೆ ಊರುಗಳಲ್ಲಿ ಏನಾಯಿತು?

ಇಂಥ ಪ್ರಯತ್ನ ಮಾಡಿದ್ದು ಕೇರಳ ಮಾತ್ರವಲ್ಲ. ಸ್ಪೇನ್ ದೇಶದ ಎಕ್ಸ್‌ಟ್ರೆಮದುರಾ ಪ್ರಾಂತ್ಯವು 2002ರಲ್ಲಿ ಶಾಲೆಗಳಿಗಾಗಿ 'ಲಿನೆಕ್ಸ್' ಎಂಬ ಲಿನಕ್ಸನ್ನು ತಂದಿತು. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ತೀರ್ಮಾನಿಸಿ 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ತಂದಿತ್ತು, 2017ರಲ್ಲಿ ಪುನಃ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ನೆರೆಯ ತಮಿಳುನಾಡಿನಲ್ಲಿ 2011ರಿಂದ ವಿದ್ಯಾರ್ಥಿಗಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಮತ್ತು 'ಬಾಸ್' ಲಿನಕ್ಸ್ ಎರಡೂ ಇದ್ದವು.

ಕೇರಳದಲ್ಲಿ ಇದು ಉಳಿದದ್ದೇಕೆ? ಹಣದ ಲೆಕ್ಕ ಒಂದು ಕಾರಣ. ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ತಲಾ ಒಂದೂವರೆ ಲಕ್ಷ ರೂಪಾಯಿಯಷ್ಟು ಲೈಸೆನ್ಸ್ ಖರ್ಚು ಬರುತ್ತಿತ್ತು, ಅಂದರೆ 3,000 ಕೋಟಿ ರೂಪಾಯಿ ಉಳಿಯಿತು ಎಂದು 'ಕೈಟ್' 2019ರಲ್ಲಿ ಹೇಳಿತ್ತು. ಐಟಿ ಅಟ್ ಸ್ಕೂಲ್ ಯೋಜನೆಯೇ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತಷ್ಟೆ. ಆದರೆ ನನಗೆ ಹಣಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಇಲ್ಲಿ ತಂತ್ರಾಂಶ ಒಂಟಿಯಾಗಿ ಬರಲಿಲ್ಲ. ಅದರ ಜೊತೆ ಪಠ್ಯಪುಸ್ತಕ, ತರಬೇತಿ, ಪರೀಕ್ಷೆ ಮೂರೂ ಬಂದವು. ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆಯುವುದು, ಕಾಲ್ಸಿಯಂನಲ್ಲಿ ಮೂಲಧಾತುಗಳ ಪಟ್ಟಿ ನೋಡುವುದು, ಜಿಂಪ್‌ನಲ್ಲಿ ಪೋಸ್ಟರ್ ಮಾಡುವುದು ಪಾಠದ ಭಾಗವೇ ಆಯಿತು. ಕೆಟ್ಟರೆ ಸರಿಮಾಡುವವರು ಶಾಲೆಯೊಳಗೇ ಇದ್ದರು. ಡೆಬಿಯನ್ ಹೋಗಿ 2010ರ ನಂತರ ಉಬುಂಟು ಬಂತು, 10.04, 14.04, 18.04, 22.04 ಎಂದು ಆವೃತ್ತಿಗಳು ಬದಲಾದವು. ಹಿಂದೆ ಹೋಗುವ ಪ್ರಶ್ನೆ ಬರಲಿಲ್ಲ.

ಕನ್ನಡದವರಿಗೆ ಉಳಿದ ಪಾಠ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿದಿದೆ. ಹೊಸ ಆವೃತ್ತಿಗೆ ಒಗ್ಗದ ಹಳೆಯ ಕಂಪ್ಯೂಟರುಗಳು ಅನೇಕ ಮನೆಗಳಲ್ಲಿ, ಸಂಘ ಸಂಸ್ಥೆಗಳಲ್ಲಿ, ಗ್ರಂಥಾಲಯಗಳಲ್ಲಿ ಇವೆ. ಇವುಗಳಲ್ಲೂ ಈಗ ಎರಡು ವ್ಯವಸ್ಥೆ ಹಾಕುವುದು, ಒಂದನ್ನು ತೆಗೆಯುವುದು ನಡೆಯುತ್ತಲೇ ಇರುತ್ತದೆ. ನಮ್ಮ ಶಾಲೆಗಳು 2008ರಲ್ಲಿ ದಾಟಿದ ಹೊಳೆಯನ್ನು ನಮ್ಮ ಊರಿನ ಯಕ್ಷಗಾನ ಸಂಘ, ಭಜನಾ ಮಂದಿರ, ಯುವಕ ಮಂಡಲಗಳು ಈಗ ದಾಟಬೇಕಾಗಿದೆ. ಅವರ ಲೆಕ್ಕ, ವರದಿ, ಹಳೆಯ ಪ್ರಸಂಗಗಳ ಪ್ರತಿ ಎಲ್ಲವೂ ನುಡಿ, ಬರಹದ ಹಳೆಯ ಫಾಂಟುಗಳಲ್ಲಿರುವ ಸಾಧ್ಯತೆ ಹೆಚ್ಚು.

ಆದ್ದರಿಂದ ಮೊದಲು ಹುಡುಕಿ, ನಂತರ ಪ್ರತಿ ಮಾಡಿ, ಆಮೇಲೆ ಯುನಿಕೋಡಿಗೆ ಪರಿವರ್ತಿಸಿ. ನುಡಿ ಮತ್ತು ಬರಹಗಳಲ್ಲೇ ಪರಿವರ್ತಿಸುವ ಸೌಲಭ್ಯವಿದೆ. ವಿಂಡೋಸ್ ಇನ್ನೂ ಇರುವಾಗಲೇ ಈ ಕೆಲಸ ಮಾಡುವುದು ಸುಲಭ. ಪರಿವರ್ತಿಸಿದ್ದನ್ನು ಒಮ್ಮೆ ಓದಿ ನೋಡಿ, ಅರ್ಕಾವೊತ್ತು ಮತ್ತು ಅಂಕಿಗಳಲ್ಲಿ ತಪ್ಪು ಇಣುಕುವುದುಂಟು. ಹಳೆಯ ಕಡತವನ್ನೂ ಅದರ ಫಾಂಟನ್ನೂ ಜೊತೆಗೇ ಇಡಿ. ಇಷ್ಟಾದ ಮೇಲೆ ಧೈರ್ಯವಾಗಿ ಪಾಲನ್ನು ಅಳಿಸಿ.

ಗಡಿನಾಡಿನಲ್ಲಿ ಕನ್ನಡ ಉಳಿಯಬೇಕು ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಸಭೆಯ ವರದಿಯನ್ನು ಹತ್ತು ವರ್ಷದ ಬಳಿಕ ತೆರೆದರೆ ಓದಲು ಬರುತ್ತದೆಯೇ ಎಂದೂ ಯೋಚಿಸಬೇಕಲ್ಲವೇ? ಅಂದು ಲ್ಯಾಬಿನಲ್ಲಿ ಹೋದದ್ದು ಒಂದು ಆಪರೇಟಿಂಗ್ ಸಿಸ್ಟಂ ಮಾತ್ರ, ಅದಕ್ಕೆ ನಾವು ದುಃಖಿಸಬೇಕಾಗಿಲ್ಲ. ಅದರ ಜೊತೆ ಹೋದ ಕನ್ನಡ ಕಡತಗಳ ಬಗ್ಗೆ ದುಃಖಿಸಬಹುದು, ಇನ್ನೂ ಉಳಿದಿರುವುದನ್ನು ಕಾಪಾಡಬಹುದು. ನಿಮ್ಮ ಶಾಲೆಯ ಕಪಾಟಿನಲ್ಲಿ ಹಳೆಯ ಹಾರ್ಡ್ ಡಿಸ್ಕ್, ಸಿಡಿ, ಫ್ಲಾಪಿಗಳೇನಾದರೂ ಇದ್ದರೆ ಇ-ತ್ಯಾಜ್ಯಕ್ಕೆ ಕೊಡುವ ಮೊದಲು ಒಮ್ಮೆ ತೆರೆದು ನೋಡಿ. ಈ ರಜೆಯಲ್ಲಿ ಮಕ್ಕಳಿಂದಲೇ ಮಾಡಿಸಬಹುದಾದ ಒಳ್ಳೆಯ ಪ್ರಾಜೆಕ್ಟ್ ಅದು.